ಬೆಟ್ಟದ ಏಣಿನ ಮೇಲೆ ಶರತ್ಕಾಲದ ರಾತ್ರಿ: ಟೆಂಟ್ ಎಲ್ಲಿ ಹಾಕಬೇಕು?

ಪ್ರಶ್ನೆ: ನಾನು ಮತ್ತು ನನ್ನ ಗೆಳತಿ ಶರತ್ಕಾಲದ ಕೊನೆಗೆ ಎರಡು ರಾತ್ರಿಯ ಚಾರಣಕ್ಕೆ ಹೊರಟಿದ್ದೇವೆ. ಸುಮಾರು 2,000 ಮೀಟರ್ ಎತ್ತರದ ಒಂದು ಏಣಿನ (ಬೆಟ್ಟದ ಉದ್ದನೆಯ ನೆತ್ತಿಸಾಲಿನ) ಮೇಲೆ, ಜನ ಅಷ್ಟಾಗಿ ಹೋಗದ ಜಾಗವೊಂದನ್ನು ನಕಾಶೆಯಲ್ಲಿ ಗುರುತಿಸಿಕೊಂಡಿದ್ದೇವೆ. ಬೇಸಿಗೆಯಲ್ಲಿ ಟೆಂಟ್‌ನಲ್ಲಿ ಮಲಗಿದ ಅನುಭವ ಇದೆ, ಚಳಿಯಲ್ಲಿ ಇಲ್ಲ. ನಮ್ಮ ಸ್ಲೀಪಿಂಗ್ ಬ್ಯಾಗ್‌ಗಳ ಮೇಲೆ 0 ಡಿಗ್ರಿ ಎಂದು ಬರೆದಿದೆ. 800 ಮೀಟರ್ ಎತ್ತರದಲ್ಲಿರುವ ಕಣಿವೆಯಲ್ಲಿ ರಾತ್ರಿ 8 ಡಿಗ್ರಿ ಇರುತ್ತದೆ ಎಂದು ಹವಾಮಾನ ಮುನ್ಸೂಚನೆ ಹೇಳುತ್ತಿದೆ. ಏಣಿನ ಮೇಲೆ ನೀರು ಇರುವಂತೆ ಕಾಣುತ್ತಿಲ್ಲ. ನಮ್ಮ ಸಿದ್ಧತೆ ಸಾಕೇ? ತುತ್ತತುದಿಯಲ್ಲೇ ಮಲಗಿ ಸೂರ್ಯೋದಯ ನೋಡಬೇಕೆಂಬ ಆಸೆ.

ಉತ್ತರ: ಖಂಡಿತ ಹೋಗಿಬನ್ನಿ. ಎಲೆ ಉದುರುವ ಕಾಲದಲ್ಲಿ ಏಣಿನ ಮೇಲೆ ಸಿಗುವ ಏಕಾಂತ ಬೇರೆ ಕಾಲದಲ್ಲಿ ಸಿಗುವುದು ಕಷ್ಟ. ಬೇಸಿಗೆಯ ಗದ್ದಲ ಮುಗಿದಿರುತ್ತದೆ, ಸೊಳ್ಳೆ ನೊಣಗಳ ಕಾಟ ಇರುವುದಿಲ್ಲ, ಗಾಳಿ ತಿಳಿಯಾಗಿ ದೂರದ ಬೆಟ್ಟಸಾಲುಗಳೂ ಕಾಣುತ್ತವೆ. ಆದರೆ ನಿಮ್ಮ ಯೋಜನೆಯಲ್ಲಿ ಎರಡು ಬದಲಾವಣೆ ಮಾಡಿಕೊಳ್ಳಿ. ತುತ್ತತುದಿಯಲ್ಲಿ ಮಲಗಬೇಡಿ. ಎರಡೂ ರಾತ್ರಿಗಳನ್ನು ಮೇಲೆ ಕಳೆಯಬೇಡಿ. ಮೊದಲ ಸಲ ಚಳಿಯಲ್ಲಿ ಹೊರಟವರೆಲ್ಲ ಸ್ಲೀಪಿಂಗ್ ಬ್ಯಾಗ್ ಬಗ್ಗೆಯೇ ಕೇಳುತ್ತಾರೆ. ಅದೂ ಬೇಕು, ಹೇಳುತ್ತೇನೆ. ಆದರೆ ಏಣಿನ ಮೇಲಿನ ರಾತ್ರಿ ಹೇಗೆ ಕಳೆಯುತ್ತದೆ ಎಂಬುದು ಬಹುಪಾಲು ಟೆಂಟ್ ಹಾಕಿದ ಜಾಗದ ಮೇಲೆ ನಿಂತಿದೆ, ಆ ಜಾಗ ಹುಡುಕುವಾಗ ಕೈಯಲ್ಲಿ ಎಷ್ಟು ಬೆಳಕು ಉಳಿದಿತ್ತು ಎಂಬುದರ ಮೇಲೆ ನಿಂತಿದೆ.

ಮೊದಲು ಆ 8 ಡಿಗ್ರಿಯ ವಿಷಯ. ಎತ್ತರ 1,000 ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ನೀವು ಕಣಿವೆಯಿಂದ 1,200 ಮೀಟರ್ ಮೇಲೆ ಹೋಗುತ್ತೀರಿ, ಅಂದರೆ ಸುಮಾರು 8 ಡಿಗ್ರಿ ಕಡಿಮೆ. ಈ ಲೆಕ್ಕದಲ್ಲಿ ಏಣಿನ ಮೇಲೆ ರಾತ್ರಿ 0 ಡಿಗ್ರಿ. ಆದರೆ ಮೋಡವಿಲ್ಲದ, ಗಾಳಿ ನಿಂತ ರಾತ್ರಿಗಳಲ್ಲಿ ಈ ಲೆಕ್ಕ ತಲೆಕೆಳಗಾಗುವುದೂ ಉಂಟು. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನಗುಂಟ ನೀರಿನಂತೆ ಕೆಳಗೆ ಹರಿದು ತಗ್ಗುಗಳಲ್ಲಿ ತುಂಬಿಕೊಳ್ಳುತ್ತದೆ. ಶರತ್ಕಾಲದ ದೀರ್ಘ ರಾತ್ರಿಗಳಲ್ಲಿ ಇದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಹಾಗಾಗಿ ಬೆಳಗಿನ ಜಾವ ಕಣಿವೆಯ ತಳ ಮಂಜಿನಲ್ಲಿ ಮುಳುಗಿ ನಡುಗುತ್ತಿರುವಾಗ, ಅದಕ್ಕಿಂತ ಕೆಲವು ನೂರು ಮೀಟರ್ ಮೇಲಿನ ಇಳಿಜಾರು ಅಷ್ಟು ತಣ್ಣಗಿರುವುದಿಲ್ಲ. ಏಣಿನ ಮೇಲಿಂದ ಬೆಳಿಗ್ಗೆ ಕಾಣುವ ಬಿಳಿ ಮೋಡದ ಕಡಲು ಹುಟ್ಟುವುದೂ ಹೀಗೆಯೇ.

ಹಾಗಾದರೆ ಏಣು ಬೆಚ್ಚಗಿನ ಜಾಗವೇ? ಗಾಳಿ ಇಲ್ಲದಿದ್ದರೆ ಹಾಗೆನ್ನಬಹುದು. ಆದರೆ ಏಣಿನ ನೆತ್ತಿಯಲ್ಲಿ ಗಾಳಿ ಇಲ್ಲದ ರಾತ್ರಿ ಅಪರೂಪ. ಬೆಟ್ಟಕ್ಕೆ ಬಡಿದ ಗಾಳಿ ಮೇಲಕ್ಕೆ ಹತ್ತುತ್ತಾ ನೆತ್ತಿಯ ಮೇಲೆ ಒತ್ತಿಕೊಂಡು ಸಾಗುವಾಗ ವೇಗ ಹೆಚ್ಚಿಸಿಕೊಳ್ಳುತ್ತದೆ. 5 ಡಿಗ್ರಿ ಉಷ್ಣಾಂಶದಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು 0 ಡಿಗ್ರಿಯಂತೆ ತಾಗುತ್ತದೆ. 0 ಡಿಗ್ರಿಯಲ್ಲಿ ಅದೇ ಗಾಳಿ ಮೈನಸ್ 6ರಂತೆ. ಟೆಂಟ್ ಮೇಲಿನ ಒತ್ತಡವಂತೂ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 20 ಕಿ.ಮೀ. ಗಾಳಿ 40 ಆದರೆ ಬಟ್ಟೆ ತಡೆಯಬೇಕಾದ ಬಲ ನಾಲ್ಕು ಪಟ್ಟು. ಅಷ್ಟು ಗಾಳಿಯಲ್ಲಿ ಟೆಂಟ್ ಹರಿಯದಿರಬಹುದು, ಆದರೆ ರಾತ್ರಿಯಿಡೀ ಅದರ ಪಟಪಟ ಸದ್ದಿಗೆ ಇಬ್ಬರೂ ಕಣ್ಣು ಮುಚ್ಚುವುದಿಲ್ಲ. ನೀವು ಮೌನ ಹುಡುಕಿಕೊಂಡು ಹೋಗುತ್ತಿದ್ದೀರಿ. ಆ ಮೌನ ತುತ್ತತುದಿಯಲ್ಲಿ ಸಿಗುವುದು ಕಷ್ಟ.

ಒಂದು ಕಡೆ ನೆತ್ತಿಯ ಗಾಳಿ, ಇನ್ನೊಂದು ಕಡೆ ತಗ್ಗಿನ ಶೀತ. ಇವೆರಡರ ನಡುವೆ ನಿಮಗೆ ಬೇಕಾದ ಜಾಗ ಇದೆ. ಗಾಳಿಮರೆಯ ಬದಿಯಲ್ಲಿ, ನೆತ್ತಿಯಿಂದ ಒಂದಿಷ್ಟು ಕೆಳಗೆ, ಇಳಿಜಾರು ಸ್ವಲ್ಪ ಹೊತ್ತು ಬಿಡುವು ಕೊಟ್ಟು ಮಟ್ಟಸವಾಗುವ ಕಡೆ. ನಕಾಶೆಯಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿ ಸಾಗುತ್ತಾ ಒಂದೆಡೆ ಇದ್ದಕ್ಕಿದ್ದಂತೆ ದೂರ ದೂರವಾದರೆ ಅಲ್ಲಿ ಅಂಥ ಮಟ್ಟಸ ಜಾಗವಿದೆ ಎಂದು ತಿಳಿಯಿರಿ. ಹೊರಡುವ ಮುಂಚೆ ಅಂಥ ಮೂರು ಜಾಗ ಗುರುತು ಮಾಡಿಕೊಳ್ಳಿ, ಒಂದರ ಮೇಲೆ ಭರವಸೆ ಇಡಬೇಡಿ. ಎರಡು ಶಿಖರಗಳ ನಡುವಿನ ತಗ್ಗು, ಚಾರಣಿಗರು ಸ್ಯಾಡಲ್ ಎನ್ನುವ ಜಾಗ, ಮಟ್ಟಸವಾಗಿ ನೋಡಲು ಬಲು ಚೆನ್ನಾಗಿರುತ್ತದೆ. ಅಲ್ಲಿ ಮಾತ್ರ ಟೆಂಟ್ ಹಾಕಬೇಡಿ. ಆ ಬೆಟ್ಟಸಾಲಿಗೆ ಬಡಿದ ಗಾಳಿಯೆಲ್ಲ ದಾಟಲು ಹುಡುಕುವ ಬಾಗಿಲು ಅದು. ಇನ್ನೊಂದು ಸೂಕ್ಷ್ಮ: ಏಣು ಕತ್ತಿಯಲಗಿನಂತೆ ಚೂಪಾಗಿದ್ದರೆ ಗಾಳಿಮರೆಯ ಬದಿಯಲ್ಲಿ ನೆತ್ತಿಗೆ ತೀರಾ ಹತ್ತಿರದಲ್ಲೂ ಗಾಳಿ ಸುಳಿ ಸುತ್ತುತ್ತದೆ, ಒಮ್ಮೆ ಈ ಕಡೆಯಿಂದ ಒಮ್ಮೆ ಆ ಕಡೆಯಿಂದ ಹೊಡೆಯುತ್ತದೆ. ಅಂಥಲ್ಲಿ ಇನ್ನಷ್ಟು ಕೆಳಗೆ ಇಳಿಯಬೇಕು.

ಸ್ಥಳಕ್ಕೆ ಹೋದ ಮೇಲೆ ನಕಾಶೆಯನ್ನು ಮಡಚಿಟ್ಟು ನೆಲ ನೋಡಿ. ಏಣಿನ ಮೇಲಿನ ಒಂಟಿ ಮರಗಳ ಕೊಂಬೆಗಳು ಒಂದೇ ಕಡೆಗೆ ಚಾಚಿಕೊಂಡು, ಇನ್ನೊಂದು ಕಡೆ ಬೋಳಾಗಿದ್ದರೆ, ಬೋಳು ಕಡೆಯಿಂದಲೇ ಆ ಜಾಗದ ಮಾಮೂಲಿ ಗಾಳಿ ಬರುತ್ತದೆ. ವರ್ಷಗಳ ಗಾಳಿಯ ದಾಖಲೆ ಅದು, ಆ ಸಂಜೆ ಗಾಳಿ ನಿಂತಿದ್ದರೂ ನಂಬಬಹುದು. ಇನ್ನು ಎಲೆಗಳು. ಉದುರಿದ ಎಲೆ ಗಾಳಿಯ ಜೊತೆ ಉರುಳುತ್ತಾ ಹೋಗಿ, ಗಾಳಿಯ ಬಲ ಕುಗ್ಗುವ ಕಡೆ ನಿಲ್ಲುತ್ತದೆ. ನೆತ್ತಿಯ ಮೇಲೆ ಕಲ್ಲು ಮಣ್ಣು ಗುಡಿಸಿಟ್ಟಂತೆ ಬರಿದಾಗಿರುತ್ತದೆ. ಹತ್ತು ಹದಿನೈದು ಹೆಜ್ಜೆ ಕೆಳಗೆ ಒಂದು ಬಂಡೆಯ ಹಿಂದೆ ಎಲೆ ಗೇಣುದ್ದ ಕೂಡಿಕೊಂಡಿರುತ್ತದೆ. ಮೊಣಕಾಲೂರಿ ಆ ಎಲೆಗಳನ್ನು ಕೈಯಿಂದ ಸರಿಸಿ ನೋಡಿ. ಮೇಲ್ಪದರ ಗರಿಗರಿಯಾಗಿ, ಕೆಳಗಿನದು ಬರೀ ತೇವವಾಗಿದ್ದರೆ ಜಾಗ ಒಳ್ಳೆಯದು. ತಳದ ಎಲೆಗಳು ಕಪ್ಪಾಗಿ, ಕೊಳೆತು, ಒಂದಕ್ಕೊಂದು ಅಂಟಿಕೊಂಡಿದ್ದರೆ ಅಲ್ಲಿ ಮಳೆನೀರು ನಿಲ್ಲುತ್ತದೆ, ಪಕ್ಕಕ್ಕೆ ಸರಿಯಿರಿ. ಆಮೇಲೆ ಟೆಂಟ್ ಬಿಚ್ಚುವ ಮೊದಲು ಮ್ಯಾಟ್ ಹಾಸಿ ಎರಡು ನಿಮಿಷ ಮಲಗಿ. ನಿಂತಾಗ ಗೊತ್ತಾಗದ ಓರೆ, ಬೇರು, ಸಣ್ಣ ಗಾಳಿ ಎಲ್ಲವೂ ಬೆನ್ನಿಗೆ ಮತ್ತು ಮುಖಕ್ಕೆ ತಿಳಿಯುತ್ತವೆ. ಕೊನೆಗೆ ತಲೆ ಎತ್ತಿ ಮೇಲೆ ನೋಡಿ: ಒಣಗಿ ನಿಂತ ಮರ, ಮುರಿದು ನೇತಾಡುವ ಕೊಂಬೆ ಇದ್ದರೆ ಅದು ಬೀಳಬಹುದಾದ ದೂರದೊಳಗೆ ಮಲಗಲೇಬಾರದು. ಮರದ ನೆರಳು ಒಂದು ರೀತಿಯಲ್ಲಿ ಒಳ್ಳೆಯದೇ. ಬಯಲಿನಲ್ಲಿ ಬೀಳುವಷ್ಟು ಇಬ್ಬನಿ ಮರದಡಿ ಬೀಳುವುದಿಲ್ಲ. ಆದರೆ ಮರ ಜೀವಂತವಾಗಿರಬೇಕು.

ಇಷ್ಟನ್ನು ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಮಾಡಲಾಗದು. ಸೂರ್ಯಾಸ್ತಕ್ಕೆ ಎರಡು ಗಂಟೆ ಇರುವಾಗ ನೀವು ಮೇಲೆ ಇರಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ. ಭೂಮಿಯ ಉತ್ತರಾರ್ಧದಲ್ಲಿ ಸೆಪ್ಟೆಂಬರ್ 22-23ರ ಹೊತ್ತಿಗೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುತ್ತವೆ. ಆ ಹೊತ್ತಿಗೆ 45 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಹಗಲು ದಿನಕ್ಕೆ ಸುಮಾರು 3 ನಿಮಿಷ ಕುಗ್ಗುತ್ತಿರುತ್ತದೆ, ವಾರಕ್ಕೆ 20 ನಿಮಿಷ. ಹೋದ ತಿಂಗಳು ಹೋಗಿಬಂದವರು ಹೇಳಿದ ಸಮಯ ನಿಮಗೆ ಲೆಕ್ಕಕ್ಕೆ ಬರುವುದಿಲ್ಲ. ನಡಿಗೆಯ ಅಂದಾಜಿಗೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಹಗುರಾಗಿ ನಡೆಯುವ ಗಟ್ಟಿಗರ ಲೆಕ್ಕ. ನೀರು, ಟೆಂಟ್ ಹೊತ್ತವರು ಬಂದ ಉತ್ತರದ ಅರ್ಧದಷ್ಟನ್ನು ಮತ್ತೆ ಸೇರಿಸಿಕೊಳ್ಳಬೇಕು.

ಈಗ ನೀರು. ನಿಮ್ಮ ಅನುಮಾನ ಸರಿ. ಏಣಿನ ಮೇಲೆ ಬಿದ್ದ ಮಳೆ ಎರಡೂ ಬದಿಗೆ ಇಳಿದುಹೋಗುತ್ತದೆ, ಹಾಗಾಗಿ ಅಲ್ಲಿ ತೊರೆ ಹುಟ್ಟುವುದಿಲ್ಲ. ಹುಟ್ಟುವುದು ಸಾಕಷ್ಟು ಕೆಳಗೆ. ಬೇಸಿಗೆಯ ಕೊನೆಗೆ ಮೇಲಿನ ಒರತೆಗಳು ಬತ್ತಿರುವ ಸಾಧ್ಯತೆಯೂ ಹೆಚ್ಚು. ನಕಾಶೆಯಲ್ಲಿ ತುಂಡು ತುಂಡು ನೀಲಿ ಗೆರೆಯಲ್ಲಿ ತೋರಿಸಿದ ತೊರೆಗಳನ್ನು ನಂಬಿಕೊಂಡು ಹೋಗಲೇಬೇಡಿ. ಒಬ್ಬರಿಗೆ ಸಂಜೆಯಿಂದ ಮರುದಿನ ಕೆಳಗೆ ನೀರು ಸಿಗುವವರೆಗೆ, ಅಡುಗೆಯೂ ಸೇರಿ, 3ರಿಂದ 4 ಲೀಟರ್ ಬೇಕು. ಒಂದು ಲೀಟರ್ ಎಂದರೆ ಒಂದು ಕಿಲೋ. ಎರಡು ರಾತ್ರಿ ಮೇಲೆಯೇ ಇದ್ದರೆ ಈ ಭಾರ ಎರಡು ಪಟ್ಟಾಗುತ್ತದೆ, ಇಲ್ಲವೇ ಮಧ್ಯೆ ಒಮ್ಮೆ ನೀರಿಗಾಗಿ ಇಳಿದು ಹತ್ತಬೇಕು.

ಅದಕ್ಕೇ ಮೊದಲ ರಾತ್ರಿ ಕೆಳಗೆ ಕಳೆಯಿರಿ ಎನ್ನುತ್ತಿರುವುದು. ದಾರಿಯಲ್ಲಿ ಸಿಗುವ ಕೊನೆಯ ನಂಬಿಗಸ್ತ ತೊರೆಯಿಂದ ಕನಿಷ್ಠ 60 ಮೀಟರ್ ದೂರದಲ್ಲಿ, ತೊರೆಯ ಮಟ್ಟಕ್ಕಿಂತ ಎತ್ತರದಲ್ಲಿ ಟೆಂಟ್ ಹಾಕಿ. ಚಳಿಯಲ್ಲಿ ನಿಮ್ಮ ಬ್ಯಾಗ್, ಮ್ಯಾಟ್, ಬಟ್ಟೆ ಹೇಗೆ ಕೆಲಸ ಮಾಡುತ್ತವೆ ಎಂದು ಅಲ್ಲಿಯೇ ಗೊತ್ತಾಗುತ್ತದೆ, ಬೇಡವೆನಿಸಿದರೆ ಬೆಳಿಗ್ಗೆ ಹಿಂತಿರುಗುವುದೂ ಸುಲಭ. ಎರಡನೆಯ ದಿನ ಏಣಿಗೆ ಉಳಿದದ್ದು 4 ಕಿ.ಮೀ. ದೂರ, 600 ಮೀಟರ್ ಏರು ಎಂದುಕೊಳ್ಳಿ. ನೈಸ್ಮಿತ್ ಲೆಕ್ಕದಲ್ಲಿ 1 ಗಂಟೆ 48 ನಿಮಿಷ, ಭಾರ ಸೇರಿಸಿದರೆ ಎರಡೂಮುಕ್ಕಾಲು ಗಂಟೆ. ಬೆಳಿಗ್ಗೆ ಅವಸರ ಮಾಡಬೇಕಿಲ್ಲ. ಅನುಭವಿ ಚಾರಣಿಗರು ಒಂದು ಕ್ರಮ ಅನುಸರಿಸುತ್ತಾರೆ, ನನಗೆ ಬಲು ಇಷ್ಟವಾದದ್ದು: ದಿನದ ದೊಡ್ಡ ಊಟವನ್ನು ಮಧ್ಯಾಹ್ನ ತೊರೆಯ ಪಕ್ಕದಲ್ಲೇ ಬೇಯಿಸಿ ಉಂಡು, ಪಾತ್ರೆ ತೊಳೆದ ನೀರನ್ನು ತೊರೆಯಿಂದ ದೂರ ಚೆಲ್ಲಿ, ನೀರು ತುಂಬಿಕೊಂಡು ಹತ್ತುವುದು. ಮೇಲೆ ರಾತ್ರಿಗೆ ಒಂದು ಬಿಸಿ ಪಾನೀಯ, ಒಂದಿಷ್ಟು ತಿಂಡಿ ಸಾಕು. ಹೊರುವ ನೀರು ಲೀಟರ್‌ಗಟ್ಟಲೆ ಕಡಿಮೆಯಾಗುತ್ತದೆ. ಅಡುಗೆಯ ವಾಸನೆಯೂ ಮಲಗುವ ಜಾಗದಲ್ಲಿ ಇರುವುದಿಲ್ಲವಾದ್ದರಿಂದ ಪ್ರಾಣಿಗಳು ಟೆಂಟ್ ಹತ್ತಿರ ಸುಳಿಯಲು ಕಾರಣವೂ ಕಡಿಮೆ.

ಸ್ಲೀಪಿಂಗ್ ಬ್ಯಾಗ್‌ಗೆ ಬರೋಣ. ನಿಮ್ಮ ಬ್ಯಾಗಿನ ಮೇಲಿನ 0 ಯಾವ 0 ಎಂದು ಒಳಗಿನ ಚೀಟಿಯಲ್ಲಿ ನೋಡಿ. ಐಎಸ್‌ಒ 23537 ಮಾನದಂಡದ ಪ್ರಕಾರ ಪರೀಕ್ಷಿಸಿದ ಬ್ಯಾಗ್‌ಗೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಕಂಫರ್ಟ್ ಎಂದರೆ ಸಾಮಾನ್ಯ ಮೈಕಟ್ಟಿನ ಮಹಿಳೆ ಆರಾಮಾಗಿ ಮಲಗಬಹುದಾದ ಉಷ್ಣಾಂಶ. ಲಿಮಿಟ್ ಎಂದರೆ ಸಾಮಾನ್ಯ ಮೈಕಟ್ಟಿನ ಪುರುಷ ಮುದುಡಿಕೊಂಡು, ನಡುಗದೆ ರಾತ್ರಿ ಕಳೆಯಬಹುದಾದ ಗಡಿ. ಎಕ್ಸ್‌ಟ್ರೀಮ್ ಜೀವ ಉಳಿಸಿಕೊಳ್ಳುವ ಅಂಕಿ, ಅದನ್ನು ನೋಡಿ ಯೋಜನೆ ಮಾಡಬಾರದು. ಲಿಮಿಟ್ 0 ಇರುವ ಬ್ಯಾಗಿನ ಕಂಫರ್ಟ್ ಸಾಮಾನ್ಯವಾಗಿ 5 ಡಿಗ್ರಿ ಆಸುಪಾಸು. ಹೊರಗೆ ಮುದ್ರಿಸುವ ದೊಡ್ಡ ಅಂಕಿ ಎಷ್ಟೋ ಸಲ ಲಿಮಿಟ್‌ನದೇ ಆಗಿರುತ್ತದೆ. ನಿಮ್ಮದೂ ಹಾಗಿದ್ದರೆ ಏಣಿನ ಮೇಲಿನ 0 ಡಿಗ್ರಿಗೆ ಅದು ಸಾಲದು. ಒಳಗೊಂದು ಬೆಚ್ಚನೆಯ ಲೈನರ್, ಉಣ್ಣೆಯ ಅಥವಾ ಸಿಂಥೆಟಿಕ್ ಒಳ ಉಡುಪು, ಟೋಪಿ ಸೇರಿಸಬೇಕು. ಇಲ್ಲವೇ ಕಂಫರ್ಟ್ ಮೈನಸ್ 3ರಿಂದ ಮೈನಸ್ 5 ಇರುವ ಬ್ಯಾಗನ್ನು ಬಾಡಿಗೆಗೋ ಎರವಲೋ ತನ್ನಿ.

ನೀವು ಮ್ಯಾಟ್ ಬಗ್ಗೆ ಏನೂ ಬರೆದಿಲ್ಲ. ಬ್ಯಾಗಿನ ಅಂಕಿ ಅಳೆಯುವಾಗ ಕೆಳಗೆ ಮ್ಯಾಟ್ ಇದೆ ಎಂದೇ ಲೆಕ್ಕ. ಮೈಭಾರಕ್ಕೆ ಬ್ಯಾಗಿನ ತಳ ಚಪ್ಪಟೆಯಾಗಿ ಅಲ್ಲಿ ಗಾಳಿ ಉಳಿಯುವುದಿಲ್ಲ, ಆದ್ದರಿಂದ ನೆಲದ ತಂಪನ್ನು ತಡೆಯುವ ಕೆಲಸ ಪೂರ್ತಿ ಮ್ಯಾಟ್‌ನದು. ಅದರ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಬೇಸಿಗೆಯ ತೆಳು ಮ್ಯಾಟ್‌ಗಳದು 2ರ ಹತ್ತಿರ ಇರುತ್ತದೆ. ನಿಮ್ಮ ರಾತ್ರಿಗೆ 4 ಆದರೂ ಇರಲಿ. ಹೊಸದು ಕೊಳ್ಳಬೇಕೆಂದೇನಿಲ್ಲ. ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂ ಕೂಡುತ್ತದೆ, ಗಾಳಿ ತುಂಬುವ ಮ್ಯಾಟ್ ಕೆಳಗೆ ಒಂದು ಫೋಮ್ ಮ್ಯಾಟ್ ಹಾಸಿದರೂ ಆಯಿತು. ಬೇಸಿಗೆಯ ಮ್ಯಾಟ್ ಇಟ್ಟುಕೊಂಡು ದುಬಾರಿ ಬ್ಯಾಗ್ ತರುವುದಕ್ಕಿಂತ ಇದು ಎಷ್ಟೋ ಮೇಲು.

ಟೆಂಟ್ ಕಟ್ಟುವಾಗ ಅಗಲ ಕಿರಿದಾದ ತುದಿ ಗಾಳಿಯ ಕಡೆಗಿರಲಿ. ಗಾಳಿ ಇಲ್ಲದಿದ್ದರೂ ಎಲ್ಲ ಹಗ್ಗಗಳನ್ನೂ ಎಳೆದು ಗೂಟಕ್ಕೆ ಕಟ್ಟಿ, ಗೂಟ ಸಡಿಲವಾದಲ್ಲಿ ಮೇಲೊಂದು ಕಲ್ಲಿಡಿ. ನಡುರಾತ್ರಿ ಎದ್ದು ಕಟ್ಟುವುದು ಬೇಡ. ಚಳಿ ಎಂದು ಟೆಂಟ್‌ನ ಗಾಳಿಕಿಂಡಿಗಳನ್ನು ಮುಚ್ಚಿಬಿಡುವುದು ಹೊಸಬರು ಮಾಡುವ ಕೆಲಸ. ಇಬ್ಬರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗಿ ಬ್ಯಾಗಿನ ಮೇಲೇ ಬೀಳುತ್ತದೆ. ಗರಿ ತುಂಬಿದ ಬ್ಯಾಗ್ ಒದ್ದೆಯಾದರೆ ಗರಿ ಮುದ್ದೆಗಟ್ಟಿ ಕಾವು ಹಿಡಿಯುವುದಿಲ್ಲ. ಕಿಂಡಿ ತೆರೆದಿಡಿ, ಮೂಗು ಬಾಯಿ ಬ್ಯಾಗಿನ ಹೊರಗಿರಲಿ.

ಮಲಗುವ ಮುಂಚೆ ಏನಾದರೂ ತಿನ್ನಿ, ಮೂತ್ರ ವಿಸರ್ಜನೆ ಮುಗಿಸಿ, ನಡೆದ ಕಾಲುಚೀಲ ಬಿಚ್ಚಿ ಒಣಗಿದ್ದನ್ನು ಹಾಕಿಕೊಳ್ಳಿ. ಸ್ಲೀಪಿಂಗ್ ಬ್ಯಾಗ್ ಕಾವನ್ನು ಹುಟ್ಟಿಸುವುದಿಲ್ಲ, ನಿಮ್ಮ ಮೈ ಕೊಟ್ಟದ್ದನ್ನು ಹಿಡಿದಿಡುತ್ತದೆ ಅಷ್ಟೇ. ನಡುಗುತ್ತಾ ಒಳಗೆ ಹೊಕ್ಕರೆ ಬೆಚ್ಚಗಾಗಲು ಬಹಳ ಹೊತ್ತು ಬೇಕು. ಸ್ವಲ್ಪ ಓಡಾಡಿ ಮೈ ಬಿಸಿ ಮಾಡಿಕೊಂಡು ಒಳಗೆ ಹೋಗಿ. ಸೋರದ ಗಟ್ಟಿ ಬಾಟಲಿಯಲ್ಲಿ ಬಿಸಿನೀರು ತುಂಬಿ ತೊಡೆಗಳ ನಡುವೆ ಇಟ್ಟುಕೊಂಡರೆ ಗಂಟೆಗಟ್ಟಲೆ ಸುಖ. ಬೆಳಿಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರೂ ಸಿಕ್ಕಂತಾಯಿತು. ಅದೇ ಬ್ಯಾಗಿನೊಳಗೆ ಫೋನ್, ಹೆಡ್‌ಲ್ಯಾಂಪಿನ ಬ್ಯಾಟರಿ, ನೀರಿನ ಫಿಲ್ಟರ್ ಇರಲಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಫಿಲ್ಟರಿನೊಳಗಿನ ನೀರು ಹೆಪ್ಪುಗಟ್ಟಿದರೆ ಅದರ ಸಣ್ಣ ನಳಿಕೆಗಳು ಸೀಳಿಹೋಗುತ್ತವೆ. ಹೊರಗಿನಿಂದ ಏನೂ ಕಾಣದು, ಆದರೆ ರೋಗಾಣು ತಡೆಯುವ ಕೆಲಸ ಮುಗಿದಂತೆ.

ಒಲೆಯದೂ ಒಂದು ಮಾತು. ಗ್ಯಾಸ್ ಕ್ಯಾನಿಸ್ಟರ್ ಮೇಲೆ ಏನು ತುಂಬಿದೆ ಎಂದು ಬರೆದಿರುತ್ತದೆ. ಬರೀ ಬ್ಯುಟೇನ್ ಮೈನಸ್ 0.5 ಡಿಗ್ರಿಗಿಂತ ಕೆಳಗೆ ಅನಿಲವಾಗುವುದಿಲ್ಲ, ಒಲೆ ಹತ್ತುವುದೇ ಇಲ್ಲ. ಐಸೋಬ್ಯುಟೇನ್ ಮೈನಸ್ 12ರವರೆಗೆ, ಪ್ರೋಪೇನ್ ಮೈನಸ್ 42ರವರೆಗೆ ತಡೆಯುತ್ತವೆ. ಇವೆರಡರ ಮಿಶ್ರಣ ತನ್ನಿ. ಉರಿಯುವಾಗ ಕ್ಯಾನಿಸ್ಟರ್ ತಾನೇ ಇನ್ನಷ್ಟು ತಣ್ಣಗಾಗುವುದರಿಂದ ಬೆಳಿಗ್ಗೆ ಹಚ್ಚುವ ಮುಂಚೆ ಸ್ವಲ್ಪ ಹೊತ್ತು ಜಾಕೆಟ್ಟಿನೊಳಗೆ ಇಟ್ಟುಕೊಳ್ಳಿ. ಎಷ್ಟೇ ಚಳಿ ಇರಲಿ, ಎಷ್ಟೇ ಗಾಳಿ ಇರಲಿ, ಟೆಂಟ್ ಒಳಗೆ ಒಲೆ ಹಚ್ಚಬೇಡಿ. ಒಲೆಯಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಎಚ್ಚರಿಸುವುದಿಲ್ಲ. ಇನ್ನು ಬೆಂಕಿ ಹಾಕುವ ಆಸೆಯಿದ್ದರೆ ಬಿಟ್ಟುಬಿಡಿ. ಒಣಗಿದ ಎಲೆ, ಏಣಿನ ಗಾಳಿ ಎರಡೂ ಸೇರಿದ ಕಡೆ ಒಂದು ಕಿಡಿ ಎಲ್ಲಿ ಹೋಗಿ ಬೀಳುತ್ತದೋ ಹೇಳಲಾಗದು.

ಜನ ಹೋಗದ ಜಾಗ ಎಂದಿರಿ. ಅಂಥ ಜಾಗ ಹಾಗೆಯೇ ಉಳಿಯಬೇಕಾದರೆ ನೀವು ಮಲಗಿದ್ದು ಮುಂದಿನವರಿಗೆ ತಿಳಿಯಬಾರದು. ಶೌಚಕ್ಕೆ ನೀರು, ದಾರಿ, ಟೆಂಟ್ ಎಲ್ಲದರಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಬೇಕು. ಏಣಿನ ಮೇಲೆ ಮಣ್ಣು ತೆಳು, ಅಷ್ಟು ಆಳ ಸಿಗದಿದ್ದರೆ ಕೆಳಗಿಳಿದು ಹುಡುಕಿ. ಕಾಗದ ವಾಪಸ್ ತನ್ನಿ. ಅಲ್ಲಿ ತಂಗಲು ಅನುಮತಿ ಬೇಕೇ, ಅದು ಬೇಟೆಯ ಋತುವೇ ಎಂದು ಆ ಪ್ರದೇಶದ ಅರಣ್ಯಾಧಿಕಾರಿಗಳನ್ನು ಮೊದಲೇ ವಿಚಾರಿಸಿ. ಬೇಟೆಗೆ ಅವಕಾಶವಿರುವ ಕಡೆಗಳಲ್ಲಿ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಳ್ಳಲೇಬೇಕು. ರಾತ್ರಿಯ ಸದ್ದುಗಳಿಗೂ ಸಿದ್ಧರಾಗಿರಿ. ಒಣ ಎಲೆಯ ಮೇಲೆ ಇಲಿಯೊಂದು ಓಡಿದರೂ ದೊಡ್ಡ ಪ್ರಾಣಿ ಬಂದಂತೆ ಕೇಳುತ್ತದೆ. ಹಲವು ಜಾತಿಯ ಜಿಂಕೆಗಳಿಗೆ ಇದು ಬೆದೆಯ ಕಾಲ, ಗಂಡುಗಳ ಕೂಗು ಕಣಿವೆ ತುಂಬುತ್ತದೆ. ಅದನ್ನು ಹತ್ತಿರದಿಂದ ಕೇಳುವುದೇ ಒಂದು ಭಾಗ್ಯ ಎನ್ನುವವನು ನಾನು.

ಹೊರಡುವ ಹಿಂದಿನ ದಿನ ಮುನ್ಸೂಚನೆಯನ್ನು 2,000 ಮೀಟರ್ ಎತ್ತರಕ್ಕೆ ನೋಡಿ, ಕಣಿವೆಗಲ್ಲ. ಉಷ್ಣಾಂಶಕ್ಕಿಂತ ಮೊದಲು ಗಾಳಿಯ ಸಾಲು ನೋಡಿ. ಸರಾಸರಿ ಗಾಳಿ ಗಂಟೆಗೆ 40 ಕಿ.ಮೀ. ದಾಟುವಂತಿದ್ದರೆ, ಅಥವಾ ಗಾಳಿಯ ಜೊತೆ ಮಳೆ ಇದ್ದರೆ, ಎರಡನೆಯ ರಾತ್ರಿಯೂ ಕೆಳಗೇ ಇರಿ. ಒಣ ಚಳಿಗಿಂತ 5 ಡಿಗ್ರಿಯ ಮಳೆಗಾಳಿ ಹೆಚ್ಚು ಅಪಾಯ. ಹೈಪೋಥರ್ಮಿಯಾ, ಅಂದರೆ ಮೈಯ ಕಾವು ಅಪಾಯದ ಮಟ್ಟಕ್ಕೆ ಇಳಿಯುವುದು, ಶುರುವಾಗಲು ಹಿಮವೇ ಬೇಕಿಲ್ಲ, ಒದ್ದೆ ಹತ್ತಿ ಬಟ್ಟೆ ಸಾಕು. ಗೆಳತಿಯನ್ನು ಗಮನಿಸುತ್ತಿರಿ, ಅವರೂ ನಿಮ್ಮನ್ನು ಗಮನಿಸಲಿ. ಜಿಪ್ ಎಳೆಯಲು ಬೆರಳು ತಡವರಿಸುವುದು, ಮಾತು ತೊದಲುವುದು, ಕಾರಣವಿಲ್ಲದೆ ಸಿಡುಕುವುದು, ಹೆಜ್ಜೆ ಎಡವುವುದು ಇವು ಮೊದಲ ಲಕ್ಷಣಗಳು. ಚಳಿ ಹಿಡಿದವರಿಗೆ ತಮಗೇನೋ ಆಗುತ್ತಿದೆ ಎಂದು ಗೊತ್ತಾಗುವುದಿಲ್ಲ, ಪಕ್ಕದವರೇ ನೋಡಿ ನಿಲ್ಲಿಸಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಬಟ್ಟೆ ಹಾಕಿಸಿ, ಬ್ಯಾಗಿನೊಳಗೆ ಮಲಗಿಸಬೇಕು. ಪೂರ್ತಿ ಎಚ್ಚರವಿದ್ದು ನುಂಗಲು ಬರುವಂತಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.

ಸೂರ್ಯೋದಯ ತಪ್ಪಿಹೋಗುವುದಿಲ್ಲ. ಟೆಂಟ್‌ನಿಂದ ನೆತ್ತಿಗೆ ಐದು ನಿಮಿಷದ ದಾರಿ. ಸಂಜೆ ಬೆಳಕಿರುವಾಗಲೇ ಒಮ್ಮೆ ನಡೆದು ಆ ದಾರಿ ನೋಡಿಟ್ಟುಕೊಳ್ಳಿ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆಯೆಲ್ಲ ಹಾಕಿಕೊಂಡು, ಕೂರಲು ಫೋಮ್ ಮ್ಯಾಟ್ ಹಿಡಿದು ಹತ್ತಿ. ಸೂರ್ಯ ಹುಟ್ಟುವ ಮುಂಚಿನ ಅರ್ಧ ಗಂಟೆ ರಾತ್ರಿಗಿಂತ ಹೆಚ್ಚು ಚಳಿ.

ಇಳಿಯುವುದಕ್ಕೆ ಆತುರ ಬೇಡ. ಇಬ್ಬನಿಯಲ್ಲಿ ನೆಂದ ಎಲೆ ಇಳಿಜಾರಿನಲ್ಲಿ ಜಾರುತ್ತದೆ, ಅದರಡಿಯ ಕಲ್ಲು ಬೇರು ಕಾಣುವುದಿಲ್ಲ, ಕೆಲವೆಡೆ ದಾರಿಯೇ ಮುಚ್ಚಿರುತ್ತದೆ. ಬಿಸಿಲು ಬಂದು ಟೆಂಟ್ ಸ್ವಲ್ಪ ಒಣಗಿದ ಮೇಲೆ ಹೊರಡಿ, ಎರಡು ಕೋಲು ಹಿಡಿದು ಹೆಜ್ಜೆ ಚಿಕ್ಕದಾಗಿಡಿ, ನಕಾಶೆಯನ್ನು ನೆಟ್‌ವರ್ಕ್ ಇಲ್ಲದೆಯೂ ತೆರೆಯುವಂತೆ ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಿ. ಯಾವ ದಾರಿ, ಯಾವ ಯಾವ ಜಾಗ, ಮೂರನೆಯ ದಿನ ಎಷ್ಟು ಗಂಟೆಯೊಳಗೆ ನಿಮ್ಮ ಕರೆ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಹೊರಡಿ.